ಎದುರಾಳಿ ಬಿದ್ದಾಗ ಗೆದ್ದವರೇ ನಿಬಾಲಿ?

ಪ್ರಶ್ನೆ: ನಾನು ವಿಜಯಪುರದವನು, ಸೈಕ್ಲಿಂಗ್ ಸ್ಪರ್ಧೆಗಳನ್ನು ಚಿಕ್ಕಂದಿನಿಂದ ನೋಡುತ್ತ ಬಂದವನು. ಇಟಲಿಯ ವಿಂಚೆಂಜೊ ನಿಬಾಲಿ 2014ರ ಟೂರ್ ಡಿ ಫ್ರಾನ್ಸ್ ಗೆದ್ದದ್ದು ಕ್ರಿಸ್ ಫ್ರೂಮ್ ಕಲ್ಲುಹಾಸಿನ ರಸ್ತೆಯಲ್ಲಿ ಬಿದ್ದು, ಆಲ್ಬರ್ಟೊ ಕೊಂಟಡೋರ್ ಕಾಲು ಮುರಿದುಕೊಂಡು ಹೊರಹೋದದ್ದರಿಂದ ಮಾತ್ರ ಎಂದು ನನ್ನ ಸ್ನೇಹಿತರು ವಾದಿಸುತ್ತಾರೆ. 2016ರ ಜಿರೊ ಡಿ ಇಟಾಲಿಯಾದಲ್ಲೂ ಮುಂದಿದ್ದವರು ಬಿದ್ದ ಮೇಲೆಯೇ ಅವರು ಗೆದ್ದರಲ್ಲವೇ? ಅವರನ್ನು ನಿಜಕ್ಕೂ ದೊಡ್ಡ ಸವಾರರ ಸಾಲಿಗೆ ಸೇರಿಸಬಹುದೇ?

ಉತ್ತರ: ನಿಮ್ಮ ಸ್ನೇಹಿತರ ವಾದವನ್ನು ತಳ್ಳಿಹಾಕುವ ಮೊದಲು ಅದನ್ನು ಇನ್ನಷ್ಟು ಬಲಪಡಿಸಿಯೇ ನೋಡೋಣ, ಏಕೆಂದರೆ ಅವರು ಹೇಳಿದ ಎರಡು ಗೆಲುವುಗಳಲ್ಲಿ ಮಾತ್ರವಲ್ಲ, ನಿಬಾಲಿ ಗೆದ್ದ ಮೂರು ವಾರಗಳ ನಾಲ್ಕು ಸ್ಪರ್ಧೆಗಳಲ್ಲೂ ಯಾರಾದರೊಬ್ಬ ಪ್ರಮುಖ ಎದುರಾಳಿ ಬಿದ್ದಿದ್ದಾರೆ. 2010ರಲ್ಲಿ ಸ್ಪೇನಿನ ಮೂರು ವಾರಗಳ ಸ್ಪರ್ಧೆಯಾದ ವುಯೆಲ್ಟಾ ಎಸ್ಪಾನ್ಯಾದಲ್ಲಿ ಮುನ್ನಡೆಯ ಕೆಂಪು ಜೆರ್ಸಿ ತೊಟ್ಟಿದ್ದ ಸ್ಪೇನಿನ ಇಗೊರ್ ಆಂಟೋನ್ 14ನೇ ಹಂತದಲ್ಲಿ (ಒಂದೊಂದು ದಿನದ ಓಟ ಒಂದು ಹಂತ) ಬಿದ್ದು ಹೊರನಡೆದರು, ಜೆರ್ಸಿ ನಿಬಾಲಿಯ ಮೈಮೇಲೆ ಬಂತು. 2013ರ ಜಿರೊದಲ್ಲಿ ಬ್ರಿಟನ್ನಿನ ಬ್ರಾಡ್ಲಿ ವಿಗ್ಗಿನ್ಸ್ ಮಳೆಯ ಇಳಿಜಾರಿನಲ್ಲಿ ಬಿದ್ದು ಧೈರ್ಯಗೆಟ್ಟು, ಬಳಿಕ ಅನಾರೋಗ್ಯದಿಂದ ಸ್ಪರ್ಧೆಯನ್ನೇ ಬಿಟ್ಟರು. 2014 ಮತ್ತು 2016ರ ಸಂಗತಿಗಳನ್ನು ನೀವೇ ಬರೆದಿದ್ದೀರಿ. ಒಂದು ತಿದ್ದುಪಡಿ ಮಾತ್ರ ಅಗತ್ಯ: ಫ್ರೂಮ್ ಕಲ್ಲುಹಾಸಿನ ರಸ್ತೆಯಲ್ಲಿ ಬೀಳಲಿಲ್ಲ. ನಾಲ್ಕನೇ ಹಂತದಲ್ಲಿಯೇ ಬಿದ್ದು ಮಣಿಕಟ್ಟಿಗೆ ಪೆಟ್ಟು ಮಾಡಿಕೊಂಡಿದ್ದ ಅವರು, ಐದನೇ ಹಂತದಲ್ಲಿ ಒದ್ದೆ ಡಾಂಬರಿನ ಮೇಲೆ ಮತ್ತೆರಡು ಬಾರಿ ಬಿದ್ದು, ಮೊದಲ ಕಲ್ಲುಹಾಸು ಬರುವ ಮುನ್ನವೇ ತಂಡದ ಕಾರು ಹತ್ತಿದರು.

ನಾಲ್ಕಕ್ಕೆ ನಾಲ್ಕೂ ಹೀಗಾದಾಗ ಅದನ್ನು ಅದೃಷ್ಟವೆಂದು ಕರೆದು ಸುಮ್ಮನಾಗುವುದು ಸುಲಭ. ನನ್ನ ಅಭಿಪ್ರಾಯ ಬೇರೆ. ಈ ನಾಲ್ಕು ಪ್ರಸಂಗಗಳಲ್ಲಿ ಎರಡು ನಿಜಕ್ಕೂ ನಿಬಾಲಿಗೆ ಸಂಬಂಧವಿಲ್ಲದ ಅದೃಷ್ಟ, ಉಳಿದೆರಡರಲ್ಲಿ ಅವರು ಬಲ್ಲ ವಿದ್ಯೆಯ ಪಾಲಿದೆ. ಆ ವಿದ್ಯೆ ಏನೆಂಬುದು ಸ್ಪಷ್ಟವಾಗದೆ ಅವರ ವೃತ್ತಿಜೀವನ ಅರ್ಥವಾಗುವುದಿಲ್ಲ.

ನಿಬಾಲಿ ಹುಟ್ಟಿದ್ದು 1984ರ ನವೆಂಬರ್ 14ರಂದು, ಸಿಸಿಲಿ ದ್ವೀಪದ ಮೆಸ್ಸಿನಾ ನಗರದಲ್ಲಿ. ಇಟಲಿಯ ಸೈಕ್ಲಿಂಗ್ ಎಂದರೆ ಬಹುಮಟ್ಟಿಗೆ ಉತ್ತರದ ಲೊಂಬಾರ್ಡಿ, ಪಿಯೆಮೊಂಟೆ, ವೆನೆಟೊ ಮತ್ತು ನಡುಭಾಗದ ಟಸ್ಕನಿಯ ಆಟ. ತಂಡಗಳು, ತರಬೇತುದಾರರು, ಕಿರಿಯರ ಸ್ಪರ್ಧೆಗಳು ಎಲ್ಲವೂ ಅಲ್ಲೇ. ಹಾಗಾಗಿ ಸಿಸಿಲಿಯ ಹುಡುಗ ಮುಂದೆ ಬರಬೇಕೆಂದರೆ ಮನೆ ಬಿಡಲೇಬೇಕಿತ್ತು. ಹದಿಹರೆಯದಲ್ಲೇ ಅವರು ಟಸ್ಕನಿಯ ಮಾಸ್ಟ್ರೊಮಾರ್ಕೊಗೆ ಹೋಗಿ, ಅಲ್ಲಿನ ಹವ್ಯಾಸಿ ತಂಡದಲ್ಲಿ ಬೆಳೆದರು. 2004ರಲ್ಲಿ ವೆರೋನಾದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಒಬ್ಬೊಬ್ಬರಾಗಿ ಗಡಿಯಾರದ ವಿರುದ್ಧ ಓಡುವ 23 ವರ್ಷದೊಳಗಿನವರ ಟೈಮ್ ಟ್ರಯಲ್‌ನಲ್ಲಿ ಕಂಚು ಗೆದ್ದು, 2005ರಲ್ಲಿ ಫಾಸ್ಸಾ ಬೊರ್ತೊಲೊ ತಂಡದ ಮೂಲಕ ವೃತ್ತಿಪರರಾದರು. ಮರುವರ್ಷ ಲಿಕ್ವಿಗಾಸ್ ತಂಡ ಸೇರಿ, ಫ್ರಾನ್ಸಿನ ಪ್ಲುಯೆಯಲ್ಲಿ ನಡೆಯುವ ಏಕದಿನ ಸ್ಪರ್ಧೆಯನ್ನು 21ನೇ ವಯಸ್ಸಿನಲ್ಲೇ ಗೆದ್ದರು.

ಆ ದಿನಗಳಿಂದಲೂ ಅವರ ಮಿತಿಗಳು ಸ್ಪಷ್ಟವಾಗಿದ್ದವು. ಬೆಟ್ಟ ಹತ್ತುವುದರಲ್ಲಿ ಅವರು ಅತ್ಯುತ್ತಮರ ಗುಂಪಿನವರು, ಆದರೆ ಆ ಗುಂಪಿನಲ್ಲಿ ಮೊದಲಿಗರಲ್ಲ. ಕೊಂಟಡೋರ್ ಒಮ್ಮೆ ಪೆಡಲ್ ಮೇಲೆ ಎದ್ದು ನಿಂತರೆ, ಫ್ರೂಮ್ ಕುಳಿತಲ್ಲೇ ಕಾಲಿನ ಲಯ ಹೆಚ್ಚಿಸಿದರೆ, ನಿಬಾಲಿ ಹಲವು ಬಾರಿ ಹಿಂದುಳಿದಿದ್ದಾರೆ. ಟೈಮ್ ಟ್ರಯಲ್‌ನಲ್ಲಿ ವಿಗ್ಗಿನ್ಸ್‌ಗೆ ಸರಿಸಾಟಿಯಲ್ಲ, ಗುಂಪಿನ ಸ್ಪ್ರಿಂಟ್‌ನಲ್ಲಂತೂ ಅವರ ಹೆಸರೇ ಇಲ್ಲ. ಹೀಗಿದ್ದೂ ಅವರು ಟೂರ್, ಜಿರೊ, ವುಯೆಲ್ಟಾ ಮೂರನ್ನೂ ಗೆದ್ದ ಆರನೆಯ ಸವಾರರಾದರು. ಅವರಿಗಿಂತ ಮೊದಲು ಆ ಪಟ್ಟಿಯಲ್ಲಿದ್ದವರು ಜಾಕ್ ಆಂಕ್ತೀಲ್, ಫೆಲಿಚೆ ಜಿಮೊಂದಿ, ಎಡ್ಡಿ ಮೆರ್ಕ್ಸ್, ಬರ್ನಾರ್ ಇನೋ ಮತ್ತು ಕೊಂಟಡೋರ್ ಮಾತ್ರ. ಮೂರು ವಾರಗಳ ಸ್ಪರ್ಧೆಗಳಲ್ಲಿ ಅವರು ಒಟ್ಟು 11 ಬಾರಿ ಮೊದಲ ಮೂರು ಸ್ಥಾನಗಳಲ್ಲಿ ನಿಂತರು: ಜಿರೊದಲ್ಲಿ ಆರು, ವುಯೆಲ್ಟಾದಲ್ಲಿ ಮೂರು, ಟೂರ್‌ನಲ್ಲಿ ಎರಡು. ಬರೀ ಅದೃಷ್ಟದಿಂದ ಇಷ್ಟು ವರ್ಷ ಇಷ್ಟು ಸ್ಥಿರವಾಗಿ ಮೇಲೆ ನಿಲ್ಲಲು ಸಾಧ್ಯವಿಲ್ಲ.

ಇನ್ನು ಆ ವಿದ್ಯೆಯ ವಿಚಾರ. ರಸ್ತೆ ಸೈಕ್ಲಿಂಗನ್ನು ಟಿವಿಯಲ್ಲಿ ನೋಡುವವರಲ್ಲಿ ಹೆಚ್ಚಿನವರು ಏರಿನ ಮೇಲೆ ಕಣ್ಣಿಟ್ಟಿರುತ್ತಾರೆ, ಇಳಿಜಾರು ಬಂದಾಗ ಚಹಾ ತರಲು ಏಳುತ್ತಾರೆ. ನಿಬಾಲಿಯ ಸ್ಪರ್ಧೆ ಅಲ್ಲಿಂದಲೇ ಶುರುವಾಗುತ್ತಿತ್ತು. ಆಲ್ಪ್ಸ್‌ನ ಇಳಿಜಾರಿನಲ್ಲಿ ಸೈಕಲ್ಲುಗಳು ಗಂಟೆಗೆ 80 ಕಿ.ಮೀ.ಗೂ ಮೀರಿದ ವೇಗದಲ್ಲಿ ಸಾಗುತ್ತವೆ, ರಸ್ತೆಗೆ ತಾಗಿರುವುದು ಎರಡು ಟೈರ್‌ಗಳ ಬೆರಳಗಲದ ಭಾಗ ಮಾತ್ರ. ತಿರುವಿನೊಳಗೆ ಹೊಕ್ಕ ಮೇಲೆ ಬ್ರೇಕ್ ಹಿಡಿದವನು ಹಿಡಿತ ಕಳೆದುಕೊಳ್ಳುತ್ತಾನೆ. ಆದ್ದರಿಂದ ನುರಿತವರು ತಿರುವಿಗೆ ಮೊದಲೇ, ಸೈಕಲ್ ನೆಟ್ಟಗಿರುವಾಗಲೇ ವೇಗ ಇಳಿಸಿ, ಹೊರಬದಿಯ ಪೆಡಲನ್ನು ಕೆಳಕ್ಕೆ ಒತ್ತಿ ಮೈಭಾರವನ್ನೆಲ್ಲ ಅದರ ಮೇಲೆ ಹಾಕಿ, ಮುಂದಿನ ಚಕ್ರದತ್ತ ನೋಡದೆ ತಿರುವಿನ ಆಚೆಯ ತುದಿಯತ್ತ ಕಣ್ಣಿಟ್ಟು ಸೈಕಲ್ಲನ್ನು ವಾಲಿಸುತ್ತಾರೆ. ಇದು ಎಲ್ಲ ವೃತ್ತಿಪರರಿಗೂ ಗೊತ್ತಿರುವ ಪಾಠವೇ. ವ್ಯತ್ಯಾಸವಿರುವುದು ಎಷ್ಟು ತಡವಾಗಿ ಬ್ರೇಕ್ ಹಿಡಿಯುವ ಧೈರ್ಯವಿದೆ ಮತ್ತು ಎಷ್ಟು ಬೇಗ ಬಿಡುವ ನಂಬಿಕೆಯಿದೆ ಎಂಬುದರಲ್ಲಿ. ಮಳೆ ಬಂದರೆ ಈ ವ್ಯತ್ಯಾಸ ಹಿಗ್ಗುತ್ತದೆ, ಏಕೆಂದರೆ ನಿಬಾಲಿಯ ಉತ್ತುಂಗದ ವರ್ಷಗಳಲ್ಲಿ ಬಳಕೆಯಲ್ಲಿದ್ದದ್ದು ಚಕ್ರದ ಅಂಚನ್ನೇ ಹಿಡಿಯುವ ಬ್ರೇಕುಗಳು. ಒದ್ದೆಯಾದ ಕಾರ್ಬನ್ ಅಂಚಿನ ಮೇಲೆ ಅವು ಹಿಡಿತಕ್ಕೆ ಬರುವುದೇ ಒಂದು ಕ್ಷಣ ತಡವಾಗಿ.

ಇಲ್ಲಿ ಸಿಗುವ ಲಾಭ ನೋಡಲು ಸಣ್ಣದು. ಪ್ರತಿ ತಿರುವಿನಲ್ಲಿ ಅರ್ಧ ಸೆಕೆಂಡು ಹಿಂದೆ ಬಿದ್ದವನು, ಮುಂದಿನವನ ಬೆನ್ನ ಹಿಂದೆ ಗಾಳಿಯಿಂದ ಸಿಗುತ್ತಿದ್ದ ಮರೆ ಕಳೆದುಕೊಳ್ಳುತ್ತಾನೆ. ಅದನ್ನು ಮತ್ತೆ ಪಡೆಯಲು ತಿರುವು ಮುಗಿದೊಡನೆ ಎದ್ದು ಪೂರ್ತಿ ಬಲದಿಂದ ತುಳಿಯಬೇಕು. ಇಪ್ಪತ್ತು ತಿರುವು ದಾಟುವಷ್ಟರಲ್ಲಿ ಮುಂದಿನವನು ದಣಿವಾರಿಸಿಕೊಂಡಿರುತ್ತಾನೆ, ಹಿಂದಿನವನ ಕಾಲುಗಳು ಇಪ್ಪತ್ತು ಸ್ಪ್ರಿಂಟ್ ಮಾಡಿರುತ್ತವೆ. ಬೇಡವೆಂದು ಬಿಟ್ಟರೆ ಅಂತರ ಬೆಳೆಯುತ್ತದೆ, ಹಟ ಹಿಡಿದರೆ ಬೀಳುವ ಅಪಾಯ. ನಿಬಾಲಿ ಎದುರಾಳಿಯ ಮುಂದೆ ಇಡುತ್ತಿದ್ದದ್ದು ಈ ಇಕ್ಕಟ್ಟನ್ನು.

2016ರ ಜಿರೊದಲ್ಲಿ ಆದದ್ದು ಇದೇ. ಕೊನೆಯ ಮೂರು ಹಂತಗಳು ಉಳಿದಿದ್ದಾಗ ನೆದರ್ಲೆಂಡ್ಸ್‌ನ ಸ್ಟೀವನ್ ಕ್ರೌಸ್‌ವೈಕ್ ಮುನ್ನಡೆಯ ಗುಲಾಬಿ ಜೆರ್ಸಿಯಲ್ಲಿದ್ದರು, ಕೊಲಂಬಿಯಾದ ಎಸ್ತೆಬಾನ್ ಚಾವೆಸ್ ಮೂರು ನಿಮಿಷ ಹಿಂದಿದ್ದರು, ನಿಬಾಲಿ 4 ನಿಮಿಷ 43 ಸೆಕೆಂಡುಗಳ ಅಂತರದಲ್ಲಿ ನಾಲ್ಕನೆಯವರು. ಅವರ ಕಥೆ ಮುಗಿಯಿತೆಂದೇ ಇಟಲಿಯ ಪತ್ರಿಕೆಗಳು ಬರೆಯುತ್ತಿದ್ದವು. 19ನೇ ಹಂತ ಪಿನೆರೊಲೊದಿಂದ ಫ್ರಾನ್ಸಿನ ರಿಸೂಲ್‌ಗೆ, ನಡುವೆ 2,744 ಮೀಟರ್ ಎತ್ತರದ ಕೊಲ್ಲೆ ದೆಲ್ ಆನ್ಯೆಲ್ಲೊ ಕಣಿವೆದಾರಿ. ಶಿಖರದ ಬಳಿ ವೇಗ ಏರಿತು. ಆಚೆ ಇಳಿಯತೊಡಗಿದಾಗ ಚಾವೆಸ್ ಮತ್ತು ನಿಬಾಲಿ ಮುಂದೆ, ದಣಿದ ಕ್ರೌಸ್‌ವೈಕ್ ಅವರ ಹಿಂದೆ. ಒಂದು ತಿರುವಿನಲ್ಲಿ ಅವರು ರಸ್ತೆಬದಿಯ ಹಿಮದ ಗೋಡೆಗೆ ಬಡಿದು, ಪಲ್ಟಿ ಹೊಡೆದು, ಪಕ್ಕೆಲುಬು ಮುರಿದುಕೊಂಡರು. ಅವರನ್ನು ಯಾರೂ ತಳ್ಳಲಿಲ್ಲ. ಆದರೆ ಮೂರು ನಿಮಿಷ ಮುನ್ನಡೆಯಿದ್ದವರು ಆ ತಿರುವಿಗೆ ಅಷ್ಟು ವೇಗದಲ್ಲಿ ಹೋಗಬೇಕಾಗಿ ಬಂದದ್ದು ಏಕೆ ಎಂದು ಕೇಳಿಕೊಂಡರೆ ಉತ್ತರ ಮುಂದಿದ್ದ ಇಬ್ಬರ ಬಳಿ ಹೋಗುತ್ತದೆ.

ಬಿದ್ದವರಿಂದ ಸಿಕ್ಕಿದ್ದು ಅಷ್ಟೇ. ಚಾವೆಸ್ ಬಿದ್ದಿರಲಿಲ್ಲ, ನಿಬಾಲಿಗಿಂತ ಒಂದೂವರೆ ನಿಮಿಷಕ್ಕೂ ಹೆಚ್ಚು ಮುಂದಿದ್ದರು. ಅವರನ್ನು ರಿಸೂಲ್‌ನ ಏರಿನಲ್ಲಿ ಕಾಲಿನ ಬಲದಿಂದಲೇ ಹಿಂದೆ ಹಾಕಬೇಕಿತ್ತು. ಆ ದಿನ ನಿಬಾಲಿಯ ತಂಡದ ಮಿಕೇಲೆ ಸ್ಕಾರ್ಪೋನಿ ಮುಂಚೂಣಿಯ ಗುಂಪಿನಲ್ಲಿ ಆನ್ಯೆಲ್ಲೊ ಶಿಖರವನ್ನು ಮೊದಲಿಗರಾಗಿ ದಾಟಿದ್ದರು, ಹಂತ ಗೆಲ್ಲುವ ಅವಕಾಶ ಅವರಿಗೇ ಇತ್ತು. ತಂಡದ ಆದೇಶದಂತೆ ಅವರು ರಸ್ತೆಬದಿಯಲ್ಲಿ ನಿಂತು ನಾಯಕನಿಗಾಗಿ ಕಾದು, ಆಮೇಲೆ ಅವರ ಮುಂದೆ ಶಕ್ತಿಯಿರುವಷ್ಟು ತುಳಿದರು. ನಿಬಾಲಿ ಹಂತ ಗೆದ್ದರು. ಗುಲಾಬಿ ಜೆರ್ಸಿ ಚಾವೆಸ್‌ಗೆ ಹೋಯಿತಾದರೂ ಅಂತರ 44 ಸೆಕೆಂಡಿಗೆ ಇಳಿದಿತ್ತು. ಮರುದಿನ ಕೊಲ್ಲೆ ದೆಲ್ಲಾ ಲೊಂಬಾರ್ದಾ ಏರಿನಲ್ಲಿ ಚಾವೆಸ್ ಹಿಂದುಳಿದರು, ನಿಬಾಲಿ 52 ಸೆಕೆಂಡುಗಳಿಂದ ಜಿರೊ ಗೆದ್ದರು. ಸ್ಕಾರ್ಪೋನಿ ಮರುವರ್ಷದ ಏಪ್ರಿಲ್‌ನಲ್ಲಿ, ತಮ್ಮ ಊರು ಫಿಲೊತ್ರಾನೊದ ಬಳಿ ಅಭ್ಯಾಸ ಮಾಡುತ್ತಿದ್ದಾಗ ವ್ಯಾನ್ ಡಿಕ್ಕಿಯಾಗಿ ತೀರಿಕೊಂಡರು. 2016ರ ಜಿರೊ ಬಗ್ಗೆ ಬರೆಯುವಾಗ ಅವರ ಹೆಸರು ಬಿಟ್ಟುಬಿಡುವುದು ನನಗೆ ಸರಿಯೆನಿಸುವುದಿಲ್ಲ.

2014ರ ಟೂರ್‌ಗೆ ಬರೋಣ. ಸ್ಪರ್ಧೆ ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಆರಂಭವಾಗಿತ್ತು. ಎರಡನೇ ದಿನವೇ, ಫ್ರೂಮ್ ಮತ್ತು ಕೊಂಟಡೋರ್ ಇಬ್ಬರೂ ಆರೋಗ್ಯವಾಗಿ ಪಕ್ಕದಲ್ಲಿದ್ದಾಗಲೇ, ನಿಬಾಲಿ ಶೆಫೀಲ್ಡ್‌ನ ಹೊರವಲಯದಲ್ಲಿ ಕೊನೆಯ ಎರಡು ಕಿಲೊಮೀಟರ್ ಇರುವಾಗ ಒಬ್ಬರೇ ಜಿಗಿದರು. ಹಿಂದಿದ್ದವರು ಯಾರು ಬೆನ್ನಟ್ಟಬೇಕೆಂದು ಪರಸ್ಪರ ಮುಖ ನೋಡುವಷ್ಟರಲ್ಲಿ ಹಂತವೂ ಮುನ್ನಡೆಯ ಹಳದಿ ಜೆರ್ಸಿಯೂ ಅವರದಾಯಿತು. ಗಳಿಸಿದ್ದು ಎರಡೇ ಸೆಕೆಂಡು, ಆದರೆ ಎಲ್ಲರೂ ಬೆಟ್ಟಗಳು ಬರಲಿ ಎಂದು ಕಾಯುತ್ತಿದ್ದಾಗ ಕಾಯದಿರುವುದು ಅವರ ಸ್ವಭಾವ ಎಂಬುದು ಅಲ್ಲಿ ಕಾಣುತ್ತದೆ.

ಐದನೇ ಹಂತ ಬೆಲ್ಜಿಯಂನ ಈಪ್ರ್‌ನಿಂದ ಫ್ರಾನ್ಸಿನ ಆರೆನ್‌ಬರ್ಗ್‌ಗೆ. ಪ್ಯಾರಿಸ್–ರುಬೇ ಸ್ಪರ್ಧೆಗೆ ಹೆಸರಾದ ಹಳೆಯ ಕಲ್ಲುಹಾಸಿನ ರಸ್ತೆಗಳ ಒಂಬತ್ತು ತುಂಡುಗಳನ್ನು ಅದರಲ್ಲಿ ಸೇರಿಸಿದ್ದರು, ಮಳೆ ಸುರಿದದ್ದರಿಂದ ಎರಡನ್ನು ಕೈಬಿಟ್ಟು ಏಳನ್ನು ಉಳಿಸಿಕೊಂಡರು. ಕೆಸರು ತುಂಬಿದ ಆ ಕಲ್ಲುಗಳ ಮೇಲೆ ಹಗುರ ಮೈಯ ಬೆಟ್ಟದ ಸವಾರರು ಸಾಮಾನ್ಯವಾಗಿ ಜೀವ ಉಳಿದರೆ ಸಾಕೆಂದು ಸಾಗುತ್ತಾರೆ. ನಿಬಾಲಿ ಅಂದು ಮೂರನೆಯವರಾಗಿ ಬಂದರು. ಮುಂದಿದ್ದವರು ಹಂತ ಗೆದ್ದ ಲಾರ್ಸ್ ಬೋಮ್ ಮತ್ತು ನಿಬಾಲಿಯದೇ ತಂಡದ ಯಾಕೊಬ್ ಫುಗ್ಲ್‌ಸಾಂಗ್ ಇಬ್ಬರೇ. ಪ್ಯಾರಿಸ್–ರುಬೇಯನ್ನು ಮೂರು ಬಾರಿ ಗೆದ್ದಿದ್ದ ಫಾಬಿಯಾನ್ ಕಾನ್ಸೆಲ್ಲಾರಾ ಕೂಡ ಅವರ ಹಿಂದೆ ಉಳಿದರು. ಕೊಂಟಡೋರ್ ಬೀಳಲಿಲ್ಲ, ಆದರೂ ಎರಡೂವರೆ ನಿಮಿಷ ಕಳೆದುಕೊಂಡರು.

ನಿಮ್ಮ ಸ್ನೇಹಿತರು ಮರೆಯುವುದು ಈ ಎರಡೂವರೆ ನಿಮಿಷವನ್ನು. ಕೊಂಟಡೋರ್ ಹತ್ತನೇ ಹಂತದಲ್ಲಿ, ವೋಝ್ ಬೆಟ್ಟಗಳ ಪೆಟಿ ಬಲೋನ್ ಇಳಿಜಾರಿನಲ್ಲಿ ಬಿದ್ದು ಮೊಣಕಾಲ ಕೆಳಗಿನ ಎಲುಬು ಮುರಿದುಕೊಂಡಾಗ, ಅವರು ಆಗಲೇ ನಿಬಾಲಿಗಿಂತ ಅಷ್ಟು ಹಿಂದಿದ್ದರು. ಹಾಗಾದರೆ ಅವರು ಉಳಿದಿದ್ದರೂ ನಿಬಾಲಿಯೇ ಗೆಲ್ಲುತ್ತಿದ್ದರೇ? ಅಷ್ಟು ದೂರ ಹೋಗಲಾರೆ. ಎಂಟನೇ ಹಂತದ ಕೊನೆಯ ಏರಿನಲ್ಲಿ ಕೊಂಟಡೋರ್ ನಿಬಾಲಿಯನ್ನು ಮೂರು ಸೆಕೆಂಡು ಹಿಂದೆ ಹಾಕಿದ್ದರು, ಅಂದರೆ ಏರಿನಲ್ಲಿ ಅವರೇ ಒಂದು ಕೂದಲೆಳೆ ಮೇಲಿದ್ದರೆಂದು ವಾದಿಸಬಹುದು. ಆಲ್ಪ್ಸ್ ಮತ್ತು ಪಿರನೀಸ್‌ಗಳಲ್ಲಿ ಅವರಿಬ್ಬರ ಹೋರಾಟ ನಡೆದಿದ್ದರೆ ಅಂತಿಮ ಅಂತರ ಖಂಡಿತ ಇಷ್ಟು ದೊಡ್ಡದಿರುತ್ತಿರಲಿಲ್ಲ. ಆದರೆ ಬೆನ್ನಟ್ಟಬೇಕಾದವರು ಕೊಂಟಡೋರ್ ಆಗಿರುತ್ತಿದ್ದರು, ಅದೂ ಮುನ್ನಡೆಯನ್ನು ಕಾಯುವುದರಲ್ಲಿ ಪಳಗಿದ ಸವಾರರೊಬ್ಬರನ್ನು. ಫ್ರೂಮ್ ವಿಷಯದಲ್ಲಿ ಮಾತ್ರ ನಿಮ್ಮ ಸ್ನೇಹಿತರಿಗೆ ನಾನು ಪೂರ್ತಿ ಸೋಲುತ್ತೇನೆ. ಅವರ ನಿರ್ಗಮನ ಶುದ್ಧ ಅದೃಷ್ಟ, ಮತ್ತು 2012ರಿಂದೀಚೆಗೆ ಕೊನೆಯವರೆಗೆ ಸ್ಪರ್ಧೆಯಲ್ಲಿ ಉಳಿದ ಫ್ರೂಮ್‌ರನ್ನು ಟೂರ್‌ನಲ್ಲಿ ನಿಬಾಲಿ ಎಂದೂ ಸೋಲಿಸಲಿಲ್ಲ. 2012ರಲ್ಲಿ ವಿಗ್ಗಿನ್ಸ್ ಮತ್ತು ಫ್ರೂಮ್‌ರ ಹಿಂದೆ ಮೂರನೆಯವರು, 2015ರಲ್ಲಿ ಫ್ರೂಮ್ ಗೆದ್ದಾಗ ನಾಲ್ಕನೆಯವರು.

ಉಳಿದವರ ಮೇಲೆ ಅವರು ಸಾಧಿಸಿದ್ದು ಸಣ್ಣದಲ್ಲ. ಲಾ ಪ್ಲಾಂಶ್ ದೆ ಬೆಲ್ ಫೀಯ್, ಶಾಮ್ರೂಸ್, ಓತಕಾಮ್: ವೋಝ್, ಆಲ್ಪ್ಸ್, ಪಿರನೀಸ್ ಮೂರೂ ಪರ್ವತಸಾಲುಗಳಲ್ಲಿ ತಲಾ ಒಂದು ಹಂತ ಗೆದ್ದು, ಎರಡನೇ ಸ್ಥಾನದ ಜಾನ್ ಕ್ರಿಸ್ಟಫ್ ಪೆರೋ ಅವರಿಗಿಂತ 7 ನಿಮಿಷ 37 ಸೆಕೆಂಡು ಮುಂದೆ ಪ್ಯಾರಿಸ್ ತಲುಪಿದರು. 1998ರಲ್ಲಿ ಮಾರ್ಕೊ ಪಾಂತಾನಿ ಗೆದ್ದ ನಂತರ ಇಟಲಿಗೆ ಸಿಕ್ಕ ಮೊದಲ ಟೂರ್ ಗೆಲುವು ಅದು.

ಬೀಳುವಿಕೆಯ ಲೆಕ್ಕ ಮಾಡುವುದಾದರೆ ಇನ್ನೊಂದು ಬದಿಯನ್ನೂ ಬರೆಯಬೇಕಾಗುತ್ತದೆ. 2013ರ ವಿಶ್ವ ಚಾಂಪಿಯನ್‌ಷಿಪ್ ಫ್ಲಾರೆನ್ಸ್‌ನಲ್ಲಿ, ಅಂದರೆ ಅವರು ಸವಾರನಾಗಿ ಬೆಳೆದ ಟಸ್ಕನಿಯಲ್ಲೇ ನಡೆಯಿತು. ಮಳೆಯಲ್ಲಿ ನಿಬಾಲಿ ಬಿದ್ದು, ಎದ್ದು, ಮುಂದಿನವರನ್ನು ಹಿಡಿದು, ಆ ದಣಿವಿನಲ್ಲೇ ನಾಲ್ಕನೆಯವರಾಗಿ ಪದಕ ತಪ್ಪಿಸಿಕೊಂಡರು. 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಕೊನೆಯ ಇಳಿಜಾರಿನವರೆಗೂ ಅವರು ಮುಂಚೂಣಿಯ ಮೂವರಲ್ಲಿ ಒಬ್ಬರು. ಸುಮಾರು 12 ಕಿ.ಮೀ. ಉಳಿದಿದ್ದಾಗ ಕೊಲಂಬಿಯಾದ ಸೆರ್ಜಿಯೊ ಎನಾವೊ ಜೊತೆ ಬಿದ್ದು ಹೆಗಲಿನ ಮುಂಭಾಗದ ಎಲುಬು (ಕಾಲರ್ ಬೋನ್) ಮುರಿಯಿತು, ಚಿನ್ನ ಬೆಲ್ಜಿಯಂನ ಗ್ರೆಗ್ ವಾನ್ ಅವರ್ಮಾಟ್‌ಗೆ ಹೋಯಿತು. ಇಲ್ಲಿ ಅವರನ್ನು ಬೀಳಿಸಿದ್ದು ಅವರದೇ ವಿದ್ಯೆ. ಅಪಾಯದ ಅಂಚಿನಲ್ಲಿ ಬದುಕುವವನು ಒಮ್ಮೊಮ್ಮೆ ಆಚೆ ಜಾರುತ್ತಾನೆ. 2018ರ ಟೂರ್‌ನಲ್ಲಿ ಆಲ್ಪ್ ದುವೆಜ್ ಏರಿನಲ್ಲಿ ಆದದ್ದಕ್ಕೆ ಆ ಸಮಜಾಯಿಷಿಯೂ ಇಲ್ಲ. ಜನಜಂಗುಳಿಯ ನಡುವೆ ಪ್ರೇಕ್ಷಕರೊಬ್ಬರ ಕ್ಯಾಮೆರಾ ಪಟ್ಟಿಗೆ ಹ್ಯಾಂಡಲ್ ಸಿಕ್ಕಿಕೊಂಡು ಬಿದ್ದ ನಿಬಾಲಿ, ಮತ್ತೆ ಸೈಕಲ್ ಏರಿ ಗೆದ್ದವರಿಗಿಂತ ಕೇವಲ 13 ಸೆಕೆಂಡು ತಡವಾಗಿ ಮುಟ್ಟಿದರು. ಆಮೇಲೆ ತಪಾಸಣೆಯಲ್ಲಿ ಬೆನ್ನುಮೂಳೆಯ ಎಲುಬೊಂದು ಮುರಿದಿರುವುದು ತಿಳಿದು ಸ್ಪರ್ಧೆ ಬಿಟ್ಟರು.

ಅವರನ್ನು ದೊಡ್ಡವರ ಸಾಲಿಗೆ ಸೇರಿಸಲು ನನಗೆ ಟೂರ್‌ಗಿಂತಲೂ ಏಕದಿನ ಸ್ಪರ್ಧೆಗಳೇ ಹೆಚ್ಚು ಬಲವಾದ ಸಾಕ್ಷಿ. ಮೂರು ವಾರಗಳ ಸ್ಪರ್ಧೆ ಗೆಲ್ಲುವವರು ನಿಬಾಲಿಯ ಕಾಲದಲ್ಲಿ ಏಕದಿನ ಸ್ಪರ್ಧೆಗಳನ್ನು ಗೆಲ್ಲುವುದು ಅಪರೂಪವಾಗಿತ್ತು, ಫ್ರೂಮ್ ಮತ್ತು ಕೊಂಟಡೋರ್ ಇಬ್ಬರೂ ಐದು ಮಹಾ ಏಕದಿನ ಸ್ಪರ್ಧೆಗಳಲ್ಲಿ ಒಂದನ್ನೂ ಗೆದ್ದಿಲ್ಲ. ನಿಬಾಲಿ ಇಲ್ ಲೊಂಬಾರ್ದಿಯಾವನ್ನು ಎರಡು ಬಾರಿ, 2015 ಮತ್ತು 2017ರಲ್ಲಿ ಗೆದ್ದರು. ಎರಡೂ ಬಾರಿ ನಿರ್ಣಾಯಕವಾದದ್ದು ಕೋಮೊ ನಗರದ ಮೇಲಿನ ಚಿವಿಲ್ಯೊ ಬೆಟ್ಟದ ಇಕ್ಕಟ್ಟಾದ ಇಳಿಜಾರು. 2017ರಲ್ಲಿ ಏರಿನಲ್ಲಿ ಮುಂದೆ ಜಿಗಿದದ್ದು ಫ್ರಾನ್ಸಿನ ತಿಬೋ ಪಿನೋ. ನಿಬಾಲಿ ಅವರನ್ನು ಸೇರಿಕೊಂಡು, ಇಳಿಯುವಾಗ ಕೆಲವೇ ತಿರುವುಗಳಲ್ಲಿ ಕಳಚಿಕೊಂಡು ಒಬ್ಬರೇ ಹೊರಟುಹೋದರು. ಅಲ್ಲಿ ಪಿನೋ ಬೀಳಲಿಲ್ಲ. 2018ರ ಮಾರ್ಚ್‌ನಲ್ಲಿ, ಸುಮಾರು 290 ಕಿ.ಮೀ. ಉದ್ದದ ಮಿಲಾನ್–ಸಾನ್ ರೆಮೊದಲ್ಲಿ, ಕೊನೆಯ ಪೊಜ್ಜೊ ಗುಡ್ಡದಲ್ಲಿ ಮುನ್ನುಗ್ಗಿ, ಹತ್ತಾರು ಸ್ಪ್ರಿಂಟರ್‌ಗಳಿದ್ದ ಗುಂಪು ಬೆನ್ನಿಗೆ ಬಂದು ಮುಟ್ಟುವಷ್ಟರಲ್ಲಿ ಗೆರೆ ದಾಟಿದರು. 2006ರ ನಂತರ ಆ ಸ್ಪರ್ಧೆಯನ್ನು ಇಟಲಿಯವರು ಗೆದ್ದಿರಲಿಲ್ಲ. ಮೂರು ವಾರಗಳ ಮೂರೂ ಸ್ಪರ್ಧೆಗಳ ಜೊತೆಗೆ ಲೊಂಬಾರ್ದಿಯಾ ಮತ್ತು ಸಾನ್ ರೆಮೊ ಗೆದ್ದವರನ್ನು ಹುಡುಕಿದರೆ ನಿಬಾಲಿಗಿಂತ ಮೊದಲು ಸಿಗುವ ಹೆಸರುಗಳು ಎರಡೇ: ಮೆರ್ಕ್ಸ್ ಮತ್ತು ಜಿಮೊಂದಿ.

ಕಪ್ಪುಚುಕ್ಕೆಗಳನ್ನು ಮುಚ್ಚಿಡಬೇಕಿಲ್ಲ. 2015ರ ವುಯೆಲ್ಟಾದ ಎರಡನೇ ಹಂತದಲ್ಲಿ ಗುಂಪಿನ ಅಪಘಾತದಿಂದ ಹಿಂದುಳಿದ ಅವರು ತಂಡದ ಕಾರನ್ನು ಹಿಡಿದುಕೊಂಡು ಎಳೆಸಿಕೊಂಡದ್ದು ಟಿವಿಯಲ್ಲಿ ಎಲ್ಲರಿಗೂ ಕಂಡಿತು, ಸ್ಪರ್ಧೆಯಿಂದ ಹೊರಹಾಕಿದ್ದು ಸರಿಯಾದ ಶಿಕ್ಷೆಯೇ. ಅದೇ ವರ್ಷದ ಟೂರ್‌ನಲ್ಲಿ, ಫ್ರೂಮ್‌ರ ಸೈಕಲ್ ಕೈಕೊಟ್ಟ ಹೊತ್ತಿನಲ್ಲೇ ದಾಳಿ ಮಾಡಿ ಲಾ ತೂಸ್ವೀರ್ ಹಂತ ಗೆದ್ದದ್ದು ನಿಯಮಕ್ಕೆ ವಿರುದ್ಧವಲ್ಲದಿದ್ದರೂ ಫ್ರೂಮ್‌ರ ಸಿಟ್ಟಿಗೆ ಕಾರಣವಾಯಿತು. ಟೂರ್ ಗೆದ್ದಾಗ ಅವರಿದ್ದ ಅಸ್ತಾನಾ ತಂಡದ ಇಬ್ಬರು ಸಹೋದರರು, ಇಗ್ಲಿನ್‌ಸ್ಕಿಗಳು, ಅದೇ ವರ್ಷ ಇಪಿಒ ಎಂಬ ನಿಷೇಧಿತ ಮದ್ದಿನ ಪರೀಕ್ಷೆಯಲ್ಲಿ ಸಿಕ್ಕಿಬಿದ್ದು, ತಂಡದ ಪರವಾನಗಿಯೇ ಪ್ರಶ್ನೆಗೊಳಗಾಗಿತ್ತು. ನಿಬಾಲಿ ಮೇಲೆ ಎಂದೂ ಅಂಥ ಪ್ರಕರಣ ದಾಖಲಾಗಲಿಲ್ಲ, ಆದರೂ ಆ ಗೆಲುವನ್ನು ಅನುಮಾನದಿಂದ ನೋಡಿದವರು ಆಗ ಇದ್ದರು.

ಕೊನೆಯ ವರ್ಷಗಳಲ್ಲಿ ಗೆಲುವುಗಳು ವಿರಳವಾದವು. 2019ರ ಜಿರೊದಲ್ಲಿ ರಿಚರ್ಡ್ ಕರಪಾಸ್‌ಗೆ 1 ನಿಮಿಷ 5 ಸೆಕೆಂಡುಗಳಿಂದ ಸೋತು ಎರಡನೆಯವರಾದರು, ಅದೇ ಬೇಸಿಗೆಯ ಟೂರ್‌ನಲ್ಲಿ ವಾಲ್ ತೊರಾನ್ಸ್ ಹಂತ ಗೆದ್ದರು. 2022ರ ಮೇ ತಿಂಗಳಲ್ಲಿ ಜಿರೊ ಮೆಸ್ಸಿನಾಗೆ ಬಂದ ದಿನ, ಹುಟ್ಟೂರಿನಲ್ಲೇ ನಿವೃತ್ತಿ ಘೋಷಿಸಿ, 37ನೇ ವಯಸ್ಸಿನಲ್ಲೂ ಆ ಜಿರೊವನ್ನು ನಾಲ್ಕನೆಯವರಾಗಿ ಮುಗಿಸಿದರು. ಅಕ್ಟೋಬರ್ 8ರ ಲೊಂಬಾರ್ದಿಯಾ ಅವರ ಕೊನೆಯ ಸ್ಪರ್ಧೆಯಾಯಿತು.

ನಿಮ್ಮ ಸ್ನೇಹಿತರೊಂದಿಗೆ ಕುಳಿತು ಈ ವಾದ ತೀರಿಸಿಕೊಳ್ಳಬೇಕೆಂದಿದ್ದರೆ, ಮೂರು ದಿನಗಳ ವಿಡಿಯೊ ದೃಶ್ಯಗಳನ್ನು ಹುಡುಕಿ ನೋಡಿ: 2014ರ ಟೂರ್‌ನ ಐದನೇ ಹಂತ, 2017ರ ಜಿರೊದಲ್ಲಿ ಸ್ಟೆಲ್ವಿಯೊ ದಾಟಿ ಬೊರ್ಮಿಯೊದಲ್ಲಿ ಮುಗಿದ 16ನೇ ಹಂತ, ಮತ್ತು ಅದೇ ವರ್ಷದ ಲೊಂಬಾರ್ದಿಯಾದ ಕೊನೆಯ ಅರ್ಧ ಗಂಟೆ. ಬೊರ್ಮಿಯೊದ ದಿನ ನೋಡುವಾಗ ಏರನ್ನು ಬೇಕಾದರೆ ಓಡಿಸಿ ನೋಡಬಹುದು, ಕೊನೆಯ ಶಿಖರದಿಂದ ಕೆಳಗಿಳಿಯುವ ಭಾಗವನ್ನು ಮಾತ್ರ ಪೂರ್ತಿ ನೋಡಿ. ಮುಂದಿದ್ದ ಸ್ಪೇನಿನ ಮಿಕೆಲ್ ಲಾಂದಾ ಅವರನ್ನು ನಿಬಾಲಿ ಹಿಡಿದದ್ದು ಅಲ್ಲಿ, ಆ ಜಿರೊದಲ್ಲಿ ಇಟಲಿಯವರು ಗೆದ್ದ ಏಕೈಕ ಹಂತವೂ ಅದೇ.